ಮನೇಲಿ ಮಿಕ್ಕಿದ ಮಾತ್ರೆ ಕೆರೆ ಮೀನಿನ ಹೊಟ್ಟೆ ಸೇರಬಾರ್ದು ಅಂದ್ರೆ ಏನ್ ಮಾಡ್ಬೇಕು?

ಡೇಟ್ ಮುಗಿದ ಮಾತ್ರೇನ ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡೋದು, ಹಳೇ ಸಿರಪ್‌ನ ಸಿಂಕಿಗೆ ಸುರಿಯೋದು ತುಂಬಾ ಮನೆಗಳಲ್ಲಿ ನಡೀತಿರುತ್ತೆ, ಮಕ್ಕಳ ಕೈಗೆ ಸಿಗಬಾರ್ದು ಅಂತ್ಲೇ ಹಾಗೆ ಮಾಡ್ತಾರೆ. ಆದ್ರೆ ಆ ನೀರು ಎಸ್‌ಟಿಪಿಗೆ, ಅಂದ್ರೆ ಕೊಳಚೆ ನೀರು ಶುದ್ಧ ಮಾಡೋ ಘಟಕಕ್ಕೆ ಹೋಗುತ್ತೆ, ಎಸ್‌ಟಿಪಿ ಇಲ್ದಿದ್ರೆ ಸೀದಾ ರಾಜಕಾಲುವೆ, ಅಲ್ಲಿಂದ ಕೆರೆ. ಎಸ್‌ಟಿಪಿ ಇರೋದು ಕೊಳೆ ತೆಗೆಯೋಕೆ, ಔಷಧಿ ತೆಗೆಯೋಕಲ್ಲ. ಫಿಟ್ಸ್‌ಗೆ ಕೊಡೋ ಕಾರ್ಬಮಜೆಪೀನ್ ಅಂಥದ್ದು ಹೆಚ್ಚುಕಮ್ಮಿ ಹಾಗೇ ಆಚೆ ಬರುತ್ತೆ.

ಮೀನಿಗೆ ಏನಾಗುತ್ತೆ ಅನ್ನೋದಕ್ಕೆ ಕೆನಡಾದ ಒಂದು ಪ್ರಯೋಗ ಹೇಳ್ಲೇಬೇಕು. ಒಂಟಾರಿಯೊದಲ್ಲಿ ಸಂಶೋಧನೆಗೆ ಅಂತ್ಲೇ ಬಿಟ್ಟಿರೋ ಕೆರೆಗಳಿವೆ, ಅದ್ರಲ್ಲಿ 260ನೇ ನಂಬರ್ ಕೆರೆಗೆ ಕರೆನ್ ಕಿಡ್ ಅನ್ನೋ ವಿಜ್ಞಾನಿಯ ತಂಡ 2001ರಿಂದ 2003ರವರೆಗೆ ಪ್ರತಿ ಬೇಸಿಗೆ ಗರ್ಭನಿರೋಧಕ ಮಾತ್ರೇಲಿರೋ ಹಾರ್ಮೋನ್ ಹಾಕ್ತು, ಅದೂ ಲೀಟರಿಗೆ ಬರೀ 5-6 ನ್ಯಾನೋಗ್ರಾಂ. ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಹಳದಿ ಭಾಗದ ಪ್ರೋಟೀನ್ ತಯಾರಾಗೋಕೆ ಶುರುವಾಯ್ತು, ಕೆಲವಕ್ಕೆ ವೃಷಣದೊಳಗೇ ಮೊಟ್ಟೆ ಕಾಣಿಸ್ಕೊಳ್ತು, ಮರಿಗಳು ಬರೋದು ನಿಂತೋಯ್ತು, ಫ್ಯಾಟ್‌ಹೆಡ್ ಮಿನ್ನೋ ಅನ್ನೋ ಸಣ್ಣ ಮೀನು ಆ ಕೆರೇಲಿ ಹೆಚ್ಚುಕಮ್ಮಿ ಖಾಲಿನೇ ಆಯ್ತು, ಅದನ್ನ ತಿಂದು ಬದುಕೋ ದೊಡ್ಡ ಟ್ರೌಟ್ ಮೀನುಗಳೂ ಕಮ್ಮಿಯಾದ್ವು. ಹಾರ್ಮೋನ್ ನಿಲ್ಲಿಸಿ ಕೆಲವು ವರ್ಷ ಆದ್ಮೇಲೆ ಸಣ್ಣ ಮೀನು ಚೇತರಿಸ್ಕೊಂಡ್ವು, ನನಗೆ ಇದ್ರಲ್ಲಿ ಇಷ್ಟ ಆಗೋ ಭಾಗ ಅದೇ.

ಈಗ ನಮ್ಮ ಲೆಕ್ಕ. ಮಾಲಾ-ಡಿ ಅನ್ನೋ ಗರ್ಭನಿರೋಧಕದ ಒಂದು ಮಾತ್ರೇಲಿ ಈ ಹಾರ್ಮೋನ್ 30 ಮೈಕ್ರೋಗ್ರಾಂ, ಅಂದ್ರೆ 30,000 ನ್ಯಾನೋಗ್ರಾಂ ಇರುತ್ತೆ, ಅಂದ್ರೆ 6,000 ಲೀಟರಿನ ಒಂದು ಟ್ಯಾಂಕರ್ ನೀರನ್ನ ಆ ಕೆರೆಯ ಮಟ್ಟಕ್ಕೆ ತರೋಕೆ ಒಂದೇ ಮಾತ್ರೆ ಸಾಕು. ಹಾಗಂತ ಯಾರೂ ಮಾತ್ರೆ ನಿಲ್ಲಿಸ್ಬೇಡಿ, ಶುಗರ್ ಬಿಪಿ ಮಾತ್ರೆನೂ ಅಷ್ಟೇ. ಮೂತ್ರದಲ್ಲಿ ಹೋಗೋದನ್ನ ತಡೆಯೋಕಾಗಲ್ಲ, ನಮ್ಮ ಕೈಲಿರೋದು ಮಿಕ್ಕಿದ್ದನ್ನ ಏನ್ ಮಾಡ್ತೀವಿ ಅನ್ನೋದು.

ಮೊದಲನೇದು ಮೆಡಿಕಲ್ ಶಾಪಲ್ಲೇ ಶುರು. ಐದು ದಿನಕ್ಕೆ ಬರೆದಿದ್ರೆ ಅಷ್ಟೇ ಮಾತ್ರೆ ಕತ್ತರಿಸಿ ಕೊಡಿ ಅಂತ ಕೇಳಿ. ಸ್ಟ್ರಿಪ್ಪಲ್ಲಿ ಎಕ್ಸ್‌ಪೈರಿ ಡೇಟ್ ಇರೋ ತುದಿ ಬಿಟ್ಟು ಇನ್ನೊಂದು ತುದಿಯಿಂದ ಮಾತ್ರೆ ತೆಗೀರಿ, ಇಲ್ಲಾಂದ್ರೆ ಮುಂದೆ ಯಾವ ಮಾತ್ರೆ ಯಾವಾಗಿಂದು ಅಂತ ಗೊತ್ತಾಗದೇ ಎಲ್ಲಾ ಬಿಸಾಡ್ಬೇಕಾಗುತ್ತೆ. ಹಿಂಬದೀಲಿ ಕೆಂಪು ಗೆರೆ ಇರೋ ಆಂಟಿಬಯೋಟಿಕ್‌ನ ಡಾಕ್ಟರ್ ಚೀಟಿ ಇಲ್ದೇ ತಗೋಬೇಡಿ, ಅವರು ಹೇಳಿದಷ್ಟು ದಿನ ಮುಗಿಸಿ, ಆಗ ಮಿಕ್ಕೋದೇ ಇಲ್ಲ.

ಆಮೇಲೆ ಮಿಕ್ಕಿದ್ದನ್ನ ಬೇರೆ ಇಡೋದು. ಘನತ್ಯಾಜ್ಯ ನಿಯಮದ ಪ್ರಕಾರ ಅವಧಿ ಮುಗಿದ ಔಷಧಿ ಬೇರೆಯಾಗೇ ಕೊಡ್ಬೇಕಾದ ಕಸ, ಹಸಿ ಕಸಕ್ಕೆ ಹಾಕೋ ಹಾಗಿಲ್ಲ. ಹತ್ರದ ಮೆಡಿಕಲ್ ಶಾಪ್ ಅಥವಾ ಆಸ್ಪತ್ರೆಯವರು ವಾಪಸ್ ತಗೋತಾರಾ ಕೇಳಿ, ತಗೊಂಡ್ರೆ ಅದೇ ಒಳ್ಳೇದು. ತಗೊಳ್ದಿದ್ರೆ ಮಾತ್ರೇನ ಪುಡಿ ಮಾಡದೇ ಸ್ಟ್ರಿಪ್ಪಿಂದ ತೆಗೆದು ಕಾಫಿ ಚರಟದ ಜೊತೆ ಕಲಸಿ, ಸಿರಪ್ಪನ್ನೂ ಅದಕ್ಕೇ ಸುರೀರಿ, ಯಾರೂ ಎತ್ಕೊಂಡು ತಿನ್ನೋ ಹಾಗಿರಬಾರ್ದು, ಆಮೇಲೆ ಕವರಲ್ಲಿ ಬಿಗಿಯಾಗಿ ಕಟ್ಟಿ, ಹಳೇ ಔಷಧಿ ಅಂತ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡಿ. ಕೇರಳದಲ್ಲಿ ಔಷಧ ನಿಯಂತ್ರಣ ಇಲಾಖೆನೇ ಎನ್‌ಪ್ರೌಡ್ ಅನ್ನೋ ಯೋಜನೇಲಿ ಮನೆಗಳಿಂದ ಹಳೇ ಔಷಧಿ ವಾಪಸ್ ತಗೊಳ್ತಿದೆ, ಕೋಝಿಕ್ಕೋಡ್‌ನಲ್ಲಿ ಶುರುವಾಗಿದ್ದು, ಅದು ನಮ್ಮ ರಾಜ್ಯಕ್ಕೂ ಬರ್ಲೇಬೇಕು.

ಒಂದು ವಿನಾಯಿತಿ ಇದೆ, ಗಮನ ಇಡಿ. ತೀವ್ರ ನೋವಿಗೆ ಕೊಡೋ ಮಾರ್ಫೀನ್, ಫೆಂಟನಿಲ್ ಥರದ 17 ಔಷಧಗಳನ್ನ ಮಾತ್ರ ಫ್ಲಶ್ ಮಾಡಿ ಅಂತ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಹೇಳಿದೆ, ಯಾಕಂದ್ರೆ ಮಗು ಬಾಯಿಗಿಟ್ರೆ ಒಂದೇ ಡೋಸಿಗೆ ಜೀವ ಹೋಗ್ಬಹುದು.

ಇನ್ನೊಂದು, ಮಂಡಿ ನೋವಿಗೆ ಹಚ್ಚೋ ಡೈಕ್ಲೋಫಿನಾಕ್ ಜೆಲ್. ಚರ್ಮದೊಳಗೆ ಇಳಿಯೋದು ಸ್ವಲ್ಪ, ಉಳಿದಿದ್ದೆಲ್ಲಾ ಕೈ ತೊಳೆದಾಗ, ಸ್ನಾನ ಮಾಡಿದಾಗ ಬಚ್ಚಲಿಗೆ ಹೋಗುತ್ತೆ. ದನಗಳಿಗೆ ಕೊಟ್ಟು, ಸತ್ತ ಆ ದನಗಳನ್ನ ತಿಂದ ರಣಹದ್ದುಗಳ ಸಂತತಿನ ಹೆಚ್ಚುಕಮ್ಮಿ ಅಳಿಸ್ದಂಥ ಔಷಧಿ ಇದು, ಟ್ರೌಟ್ ಮೀನಲ್ಲಿ ಕಿಡ್ನಿ, ಕಿವಿರು ಎರಡನ್ನೂ ಕೆಡಿಸೋದು ಪ್ರಯೋಗದಲ್ಲಿ ಕಂಡಿದೆ. ಹಚ್ಚಿದ್ಮೇಲೆ ಕೈನ ಮೊದಲು ಪೇಪರಲ್ಲಿ ಒರೆಸಿ, ಪೇಪರ್ ಕಸಕ್ಕೆ ಹಾಕಿ, ಆಮೇಲೆ ತೊಳೀರಿ. ಎರಡು ಸೆಕೆಂಡಿನ ಕೆಲಸ.

ಮನೆಯವರು ಎಷ್ಟೇ ಮಾಡಿದ್ರೂ ಔಷಧ ಫ್ಯಾಕ್ಟರಿಗಳ ನೀರಿನ ಮುಂದೆ ಅದು ಚಿಕ್ಕದು. ಹೈದರಾಬಾದ್ ಹತ್ರ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಂಪನಿಗಳ ತ್ಯಾಜ್ಯ ಸಂಸ್ಕರಿಸಿ ಬಿಡ್ತಿದ್ದ ನೀರಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೂ ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯೋಟಿಕ್ ಇತ್ತು ಅಂತ ಸ್ವೀಡನ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ್ರು, ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರಲ್ಲ. ನಿಮ್ಮೂರ ಕೆರೆಗೆ ಅಂಥ ಪೈಪ್ ಬಿಟ್ಟಿರೋದು ಕಂಡ್ರೆ ಮೀನು ಸತ್ತು ತೇಲೋವರೆಗೂ ಕಾಯ್ಬೇಡಿ, ಔಷಧಿ ಮಾಡೋ ಹಾನೀಲಿ ಎಷ್ಟೋ ಸಲ ಮೀನು ತೇಲೋದೇ ಇಲ್ಲ, ಮರಿ ಆಗೋದು ನಿಲ್ಲುತ್ತೆ ಅಷ್ಟೇ. ಫೋಟೋ, ಜಾಗ, ತಾರೀಕು ಸಮೇತ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ದೂರು ಕೊಡಿ, ಸ್ವೀಕೃತಿ ಪಡೀರಿ.