ಹುಬ್ಬಳ್ಳಿ ಬಿಟ್ಟವರೇ ‘ಹುಬ್ಬಳ್ಳಿ’ಯವರು: ಅಡ್ಡಹೆಸರು ಹಿಡಿದು ಮೂಲ ಊರು ಹುಡುಕುವುದು ಹೇಗೆ?

ಹುಬ್ಬಳ್ಳಿಯಲ್ಲೇ ಇದ್ದವನನ್ನು ‘ಹುಬ್ಬಳ್ಳಿಯವ’ ಎಂದು ಕರೆಯುವ ಅಗತ್ಯ ಯಾರಿಗೂ ಬರುವುದಿಲ್ಲ. ಅವನು ಊರು ಬಿಟ್ಟು ಗದಗಿನ ಕಡೆ ಯಾವುದೋ ಹಳ್ಳಿಯಲ್ಲಿ ನೆಲೆ ನಿಂತಾಗ ಅಲ್ಲಿಯವರು ‘ಹುಬ್ಬಳ್ಳಿಯವರ ಮನಿ’ ಅಂದರು. ಒಂದೆರಡು ತಲೆಮಾರು ಕಳೆಯುವುದರೊಳಗೆ ಬಾಲ ಉದುರಿ ‘ಹುಬ್ಬಳ್ಳಿ’ ಅಷ್ಟೇ ಉಳಿಯಿತು. ಉತ್ತರ ಕರ್ನಾಟಕದ ಊರಿನ ಅಡ್ಡಹೆಸರುಗಳು ಸಾಮಾನ್ಯವಾಗಿ ಹುಟ್ಟಿದ್ದು ಹೀಗೆ: ಬಂದವರು ಇಟ್ಟುಕೊಂಡದ್ದಲ್ಲ, ಇದ್ದವರು ಇಟ್ಟದ್ದು. ಹುಡುಕಾಟದಲ್ಲಿ ಇದನ್ನು ಮರೆತರೆ ದಾರಿ ತಪ್ಪುತ್ತದೆ.

ಎಲ್ಲ ಅಡ್ಡಹೆಸರೂ ಊರು ಹೇಳುವುದಿಲ್ಲ. ಬಡಿಗೇರ, ಪತ್ತಾರ, ಹೂಗಾರ ಕಸುಬು ಹೇಳುತ್ತವೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ ಎಂಬವು ಒಂದು ಕಾಲದ ವ್ಯಾಪಾರದ ಗುರುತು. ಹೊಸಮನಿ, ಮೂಲಿಮನಿ ಎಂದರೆ ಆ ಊರಿನೊಳಗಿನ ಮನೆಯ ಗುರುತು, ಊರಾಚೆ ಬೆಲೆಯಿಲ್ಲ. ಪಾಟೀಲ, ಕುಲಕರ್ಣಿ, ದೇಸಾಯಿ ಹುದ್ದೆಗಳು. ಹಳ್ಳಿಹಳ್ಳಿಗೂ ಪಾಟೀಲರಿದ್ದುದರಿಂದ ಊರಿನ ಸುಳಿವು ಸೊನ್ನೆ. ಆದರೆ ವತನದ (ವಂಶಪಾರಂಪರ್ಯ ಹುದ್ದೆ ಮತ್ತು ಅದಕ್ಕೆ ಸೇರಿದ ಜಮೀನಿನ) ಮನೆತನವಾದರೆ ಕಾಗದಪತ್ರ ಹೆಚ್ಚು. ಮುಂಬಯಿ ಪ್ರಾಂತದಲ್ಲಿ ವತನದ ಹಕ್ಕು ಯಾರಿಗೆಂದು ತೀರ್ಮಾನಿಸಲು ವಂಶಾವಳಿಯನ್ನೇ ಬರೆಸಿಕೊಳ್ಳುತ್ತಿದ್ದರು. ಕರಾವಳಿಯ ಚಿತ್ರಾಪುರ ಸಾರಸ್ವತರ ಪಡುಕೋಣೆ, ಬೆನೆಗಲ್, ಹಟ್ಟಂಗಡಿ ಮಾತ್ರ ನೇರ: ಅವು ಇಂದಿಗೂ ನಕಾಶೆಯಲ್ಲಿರುವ ಹಳ್ಳಿಗಳು.

ಮೊದಲು ಮನೆಯ ಹಿರಿಯರು

ಅಜ್ಜನಿಗಿಂತ ಅಜ್ಜಿಯನ್ನು, ಸೋದರತ್ತೆಯನ್ನು ಕೇಳಿ. ಬೀಗತನ ಎಲ್ಲೆಲ್ಲಿ ನಡೆದಿತ್ತೆಂಬುದು ಹೆಂಗಸರ ನೆನಪಿನಲ್ಲಿರುತ್ತದೆ. ‘ನಾವು ಎಲ್ಲಿಯವರು?’ ಎಂದು ಕೇಳಿದರೆ ‘ಇಲ್ಲಿಯವರೇ’ ಎಂದುಬಿಡುತ್ತಾರೆ. ಕೇಳಬೇಕಾದ್ದು ಬೇರೆ: ಮನೆದೇವರು ಯಾವುದು, ಮಕ್ಕಳ ಜವಳ (ಮೊದಲ ಕೂದಲು) ಎಲ್ಲಿ ತೆಗೆಸುತ್ತಿದ್ದರು, ಬೆಡಗು (ಕುಲದೊಳಗಿನ ಬಳಿ) ಅಥವಾ ಗೋತ್ರ ಯಾವುದು, ಯಾವ ಊರಿಗೆ ಹೆಣ್ಣು ಕೊಟ್ಟು ತರುತ್ತಿದ್ದರು. ಸವದತ್ತಿ ಎಲ್ಲಮ್ಮ, ಮೈಲಾರಲಿಂಗ, ಗೊಡಚಿ ವೀರಭದ್ರನಿಗೆ ನಾಡೆಲ್ಲ ಒಕ್ಕಲು. ಅವರಿಂದ ಏನೂ ತೀರ್ಮಾನವಾಗದು. ಯಾವುದೋ ಸಣ್ಣ ಹಳ್ಳಿಯ ಹೆಸರು ಹೊತ್ತ ದೇವರಿಗೆ ಜವಳ ಕೊಡುತ್ತಿದ್ದರೆ ಅದು ಗಟ್ಟಿ ಸುಳಿವು.

ಇಸವಿ ಯಾರಿಗೂ ನೆನಪಿರುವುದಿಲ್ಲ, ಕಷ್ಟ ನೆನಪಿರುತ್ತದೆ. ‘ಧಾತು ಬರದಾಗ ಬಂದ್ವಿ’ ಎಂದರೆ ಧಾತು, ಈಶ್ವರ ಸಂವತ್ಸರಗಳ 1876–78ರ ಬರ. ‘ಪ್ಲೇಗಿನಾಗ ಊರು ಬಿಟ್ಟರು’ ಎಂದರೆ 1890ರ ದಶಕದ ಕೊನೆಯಿಂದ ಈಚೆ.

ತಾಲ್ಲೂಕು ಕಚೇರಿಯಲ್ಲಿ ಹಿಂದಕ್ಕೆ ನಡೆಯುವುದು

ಈಗಿನ ಪಹಣಿಯಿಂದ ಹೊರಡಿ. 9ನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಆ ಹೆಸರು ಬಂದ ಬಗೆ ಮತ್ತು ಮ್ಯುಟೇಶನ್ ಸಂಖ್ಯೆ. ಆ ಸಂಖ್ಯೆಯೇ ಬೀಗದ ಕೈ. ಅದನ್ನು ಬರೆದುಕೊಂಡು ತಾಲ್ಲೂಕಿನ ಅಭಿಲೇಖಾಲಯದಲ್ಲಿ ಆ ವರ್ದಿಯ (ಹಕ್ಕು ಬದಲಾದುದರ ದಾಖಲೆಯ) ನಕಲಿಗೆ ಅರ್ಜಿ ಹಾಕಿ. ಕಂಪ್ಯೂಟರಿಗೆ ಬರುವ ಮುಂಚಿನ ಕೈಬರಹದ ಪಹಣಿಯನ್ನೂ ಕೇಳಿ. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ. 30 ದಿನದಲ್ಲಿ ಉತ್ತರ ಕೊಡಬೇಕು.

ಖಾತೇದಾರ ಸತ್ತ ಮೇಲೆ ಆದ ವಾರಸಾ ವರ್ದಿಯನ್ನು ನಿಧಾನವಾಗಿ ಓದಿ. ‘ಖಾತೇದಾರ ಬಸಪ್ಪ ತಂದೆ ವೀರಪ್ಪ ಮಯತರಾಗಿದ್ದು, ವಾರಸಾ ಮಕ್ಕಳು 1) ವೀರಪ್ಪ 2) ಶಿವಪ್ಪ ಅ.ಪಾ.ಕ. ತಾಯಿ ಗಂಗವ್ವ’ ಎಂಬಂಥ ಸಾಲು ಸಿಕ್ಕಿತೆನ್ನಿ. ಇಷ್ಟರಲ್ಲೇ ಮೂರು ತಲೆಮಾರು ಇವೆ. ಅ.ಪಾ.ಕ. ಎಂದರೆ ತಾಯಿ ಅಪ್ರಾಪ್ತ ಮಗನ ಪರವಾಗಿ ನಿಂತಿದ್ದಾಳೆ. ಅಂದರೆ ಆ ವರ್ಷ ಶಿವಪ್ಪನಿಗೆ 18 ತುಂಬಿರಲಿಲ್ಲ, ಅವನ ಹುಟ್ಟಿನ ಅಂದಾಜು ಕೈಗೆ ಬಂತು. ಅಪಾಯವೂ ಇಲ್ಲೇ ಇದೆ. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ರೂಢಿಯಿಂದ ಬಸಪ್ಪ, ವೀರಪ್ಪ, ಮತ್ತೆ ಬಸಪ್ಪ ಎಂದು ಸರಪಳಿ ಸುತ್ತುತ್ತದೆ. ಇಬ್ಬರು ವೀರಪ್ಪರನ್ನು ಒಬ್ಬನೆಂದು ಹಿಡಿದರೆ ಎರಡು ತಲೆಮಾರು ಮಾಯ. ಪ್ರತಿ ಹೆಸರಿನ ಪಕ್ಕ ಸರ್ವೆ ನಂಬರು ಮತ್ತು ವರ್ಷ ಬರೆಯಿರಿ, ತಲೆಮಾರಿಗೆ 25–30 ವರ್ಷ ಹಿಡಿದು ತಾಳೆ ನೋಡಿ. ‘ದತ್ತಕ’ ಎಂಬ ಪದವನ್ನೂ, ಮನೆ ಅಳಿಯನಾಗಿ ಬಂದವನನ್ನೂ ಬಿಡಬೇಡಿ. ಅಲ್ಲಿ ರಕ್ತದ ದಾರಿ ಒಂದು ಕಡೆ, ಅಡ್ಡಹೆಸರಿನ ದಾರಿ ಇನ್ನೊಂದು ಕಡೆ ಹೋಗುತ್ತದೆ.

ವಲಸೆ ಬಂದವರಿಗೆ ಮೊದಲಿಗೆ ಸ್ವಂತ ಹೊಲ ಇರುವುದು ಅಪರೂಪ. ಅವರು 9ನೇ ಕಾಲಮ್ಮಿನಲ್ಲಿ ಸಿಗುವುದಿಲ್ಲ, ಸಾಗುವಳಿದಾರರ 12ನೇ ಕಾಲಮ್ಮಿನಲ್ಲಿ ಸಿಗುತ್ತಾರೆ. ಭೂಸುಧಾರಣೆಯ ನಂತರ ಗೇಣಿದಾರರಾಗಿ ನಮೂನೆ 7 ಸಲ್ಲಿಸಿದ್ದರೆ ಭೂ ನ್ಯಾಯಮಂಡಳಿಯ ಕಡತ ತೆಗೆಸಿ. ಎಷ್ಟು ವರ್ಷದಿಂದ ಉಳುತ್ತಿದ್ದೇವೆ ಎಂಬ ಹೇಳಿಕೆ, ಸಾಕ್ಷಿಗಳ ಮಾತು ಅದರಲ್ಲಿರುತ್ತವೆ.

ಕಲಬುರಗಿ, ರಾಯಚೂರು ಕಡೆಯ ಹಳೆಯ ಕಾಗದದಲ್ಲಿ ಫಸಲಿ ವರ್ಷ (ಹಿಂದಿನ ಕಂದಾಯದ ವರ್ಷ) ಬಂದರೆ 590 ಕೂಡಿಸಿ: ಫಸಲಿ 1340 ಎಂದರೆ ಸುಮಾರು 1930. ಶಕ ವರ್ಷಕ್ಕೆ 78 ಕೂಡಿಸಿ. ವತನದ ಕಾಗದ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೆ ಊಹೆ ಬೇಡ, ಮೋಡಿ ಬಲ್ಲವರಿಂದಲೇ ಓದಿಸಿ. ಹಳೆಯ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಟ್ಟಿದ ಊರು ಸಿಗಬಹುದು. ಜನ್ಮದಿನಾಂಕ ಜೂನ್ 1 ಎಂದಿದ್ದರೆ ಮಾತ್ರ ನಂಬಬೇಡಿ, ಅದು ಮಾಸ್ತರರ ಕೊಡುಗೆ.

ಹೆಳವರ ಹೊತ್ತಿಗೆ

ಕಾಗದ ನಿಂತಲ್ಲಿ ಹೆಳವರು ಶುರುವಾಗುತ್ತಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ಅಂಗಳದಲ್ಲಿ ಕೂತು ಮನೆತನದ ಮೂಲಪುರುಷನಿಂದ ಈಚೆಗೆ ವಂಶ ಓದುವವರು. ಯಾವ ಮನೆತನಕ್ಕೆ ಯಾವ ಹೆಳವ ಎಂಬುದು ಹಿಂದಿನಿಂದ ಗೊತ್ತಾದದ್ದು. ಸಿಕ್ಕ ಹೆಳವನೆಲ್ಲ ನಿಮ್ಮವನಲ್ಲ. ನಿಮ್ಮ ಮನೆಗೆ ಬರುವುದು ನಿಂತಿದ್ದರೆ ಅದೇ ಬೆಡಗಿನ ದಾಯಾದಿಗಳ ಮನೆಗೆ ಯಾರು ಬರುತ್ತಾರೆಂದು ವಿಚಾರಿಸಿ. ಓದುವಾಗ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ, ಹೊತ್ತಿಗೆಯ ಪುಟದ ಫೋಟೊ ತೆಗೆಯಿರಿ. ಕಾಳು, ಹಣ ಕೊಡುವುದು ಕಾಣಿಕೆಯಷ್ಟೇ ಅಲ್ಲ, ಅದು ಅವರ ಕಸುಬಿನ ಸಂಬಳ. ಗಂಡುಮಕ್ಕಳ ಹೆಸರೇ ಹೆಚ್ಚು, ಹೆಣ್ಣುಮಕ್ಕಳು ಬಿಟ್ಟುಹೋಗಿರುತ್ತಾರೆ. ತೀರ ಹಿಂದಿನ ಕೊಂಡಿಗಳನ್ನು ಕಥೆಯೆಂದೇ ಬರೆದಿಟ್ಟುಕೊಂಡು, ವರ್ದಿಯ ಜೊತೆ ತಾಳೆಯಾಗುವ ತಲೆಮಾರುಗಳನ್ನು ಬೇರೆ ಮಸಿಯಲ್ಲಿ ಗುರುತಿಸಿ. ಮನೆಯವರು ಪಿತೃಕಾರ್ಯಕ್ಕೆ ತ್ರ್ಯಂಬಕೇಶ್ವರಕ್ಕೆ ಹೋಗಿದ್ದರೆ ಅಲ್ಲಿನ ಪುರೋಹಿತರ ನಾಮಾವಳಿಯಲ್ಲೂ ಹೆಸರಿರಬಹುದು. ಊರು ಮತ್ತು ಅಡ್ಡಹೆಸರು ಎರಡನ್ನೂ ಹೇಳಿ.

ಮೂಲ ಊರಿಗೆ ಹೋದಾಗ

ಹೊಸೂರ, ಕಲ್ಲೂರ, ಹೊಸಹಳ್ಳಿ ತಾಲ್ಲೂಕಿಗೊಂದಿವೆ. ಯಾವುದೆಂದು ತೀರ್ಮಾನಿಸುವುದು ಬೀಗತನದ ಊರುಗಳು ಮತ್ತು ಜವಳದ ಗುಡಿ. ದೊಡ್ಡ ಊರಿನ ಹೆಸರಾದರೆ ಸುತ್ತಲಿನ ಹಳ್ಳಿಗಳನ್ನೂ ಎಣಿಸಿ. ಹುಬ್ಬಳ್ಳಿ ಪಕ್ಕದ ಹಳ್ಳಿಯಿಂದ ಬಂದವರನ್ನೂ ಜನ ಹುಬ್ಬಳ್ಳಿಯವರೆಂದೇ ಕರೆದಿರಬಹುದು. ನಕಾಶೆಯಲ್ಲಿ ಊರೇ ಇಲ್ಲದಿದ್ದರೆ ಆಲಮಟ್ಟಿ, ತುಂಗಭದ್ರಾ, ನವಿಲುತೀರ್ಥ ಅಣೆಕಟ್ಟುಗಳ ಮುಳುಗಡೆ ಹಳ್ಳಿಗಳ ಪಟ್ಟಿ ನೋಡಿ. ರಾಯದುರ್ಗ, ಆದೋನಿ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಈಗ ಆಂಧ್ರದಲ್ಲಿವೆ; ‘ಬಳ್ಳಾರಿ ಜಿಲ್ಲಾ’ ಎಂಬ ಹಳೆಯ ಬರಹವನ್ನು ಅಲ್ಲಿಗೂ ಹಿಗ್ಗಿಸಬೇಕಾದೀತು.

ಊರು ಸಿಕ್ಕಿತು, ಬಸ್ಸಿಳಿದು ಕಟ್ಟೆಯ ಮೇಲೆ ಕೂತವರನ್ನು ‘ಹುಬ್ಬಳ್ಳಿಯವರ ಮನೆ ಎಲ್ಲಿ?’ ಎಂದು ಕೇಳಿದರೆ ಅವರು ನಕ್ಕಾರು. ಅಲ್ಲಿ ಉಳಿದ ದಾಯಾದಿಗಳ ಅಡ್ಡಹೆಸರು ಬಡಿಗೇರ ಇರಬಹುದು, ಹಳೇಮನಿ ಇರಬಹುದು, ನಿಮ್ಮದಂತೂ ಆಗಿರುವುದಿಲ್ಲ. ಆದ್ದರಿಂದ ಅಡ್ಡಹೆಸರನ್ನು ಬದಿಗಿಡಿ. ಬೆಡಗು ಹೇಳಿ, ಮನೆದೇವರ ಹೆಸರು ಹೇಳಿ, ‘ಧಾತು ಬರದಾಗ ಇಲ್ಲಿಂದ ಊರು ಬಿಟ್ಟವರು ಯಾರ ಪೈಕಿ?’ ಎಂದು ಕೇಳಿ.