ಹಳೇ ಕಾರು ಹೀಟ್ ಆಗುತ್ತಿದೆಯೇ? ಫ್ಯಾನ್ ಕೊಳ್ಳುವ ಮೊದಲು ಅಳತೆ ಟೇಪ್ ಹಿಡಿಯಿರಿ

ಸುರತ್ಕಲ್‌ನಿಂದ ಪಡುಬಿದ್ರಿವರೆಗೆ ಹೆದ್ದಾರಿಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಸೂಜಿ ನಡುವಿನಿಂದ ಅಲುಗುವುದಿಲ್ಲ. ಮಂಗಳೂರಿನ ನಂತೂರಿನಲ್ಲಿ ವಾಹನಗಳ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಕೆಂಪು ಗೆರೆ ಮುಟ್ಟುತ್ತದೆ. ಹಳೇ ಪದ್ಮಿನಿ, ಅಂಬಾಸಿಡರ್, ಮಾರುತಿ 800 ಇಟ್ಟುಕೊಂಡವರ ದೂರು ಹೀಗಿದ್ದರೆ ಫ್ಯಾನಿನ ಕಡೆ ನೋಡಬೇಕು. ಇದಕ್ಕೆ ತದ್ವಿರುದ್ಧವಾಗಿ, ಹೆದ್ದಾರಿಯಲ್ಲಿ ಓಡುವಾಗಲೇ ಬಿಸಿಯೇರುತ್ತಿದ್ದರೆ ಹೊಸ ಫ್ಯಾನಿಗೆ ಹಾಕಿದ ದುಡ್ಡು ನೀರಿಗೆ ಹಾಕಿದಂತೆ. ಗಂಟೆಗೆ 50–60 ಕಿ.ಮೀ. ದಾಟಿದ ಮೇಲೆ ಗ್ರಿಲ್‌ನಿಂದ ನುಗ್ಗುವ ಗಾಳಿಯೇ ಸಾಕು. ಅಂಥ ಗಾಡಿಯಲ್ಲಿ ಕಟ್ಟಿಕೊಂಡ ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ಕವಾಟ), ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ. ಘಾಟಿಯ ಲೆಕ್ಕ ಬೇರೆ. ಆಗುಂಬೆಯ 14 ತಿರುವುಗಳಲ್ಲಿ ಎಂಜಿನ್ ಪೂರ್ತಿ ದುಡಿಯುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಅಲ್ಲಿ ಫ್ಯಾನೂ ಬೇಕು, ರೇಡಿಯೇಟರೂ ಶುಚಿಯಾಗಿರಬೇಕು.

ಮೊದಲು ಇದ್ದದ್ದನ್ನು ಸರಿಮಾಡಿ

ಬೆಲ್ಟ್ ಫ್ಯಾನ್ ಇದ್ದರೆ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ, 10–12 ಮಿ.ಮೀ. ತಗ್ಗಬೇಕು. ಅದಕ್ಕಿಂತ ಹೆಚ್ಚು ತಗ್ಗಿದರೆ ಬೆಲ್ಟ್ ಜಾರುತ್ತಿದೆ. ಕ್ವಾಲಿಸ್, ಸುಮೊಗಳಂಥ ಗಾಡಿಗಳ ವಿಸ್ಕಸ್ ಫ್ಯಾನನ್ನು (ನಡುವೆ ಎಣ್ಣೆ ತುಂಬಿದ ಕ್ಲಚ್ ಇರುವಂಥದ್ದು) ಬಿಸಿ ಎಂಜಿನ್ ನಿಲ್ಲಿಸಿದ ಕೂಡಲೇ, ಕೀ ತೆಗೆದು, ಕೈಯಿಂದ ತಿರುಗಿಸಿ ನೋಡಿ. ತಡೆಯಿಲ್ಲದೆ ಎರಡು ಮೂರು ಸುತ್ತು ತಿರುಗಿದರೆ ಅದರ ಕ್ಲಚ್ ಹೋಗಿದೆ. ನಡುವಿನಲ್ಲಿ ಎಣ್ಣೆ ಸೋರಿ ಧೂಳು ಮೆತ್ತಿದ್ದರೆ ತಿರುಗಿಸಿ ನೋಡುವುದೂ ಬೇಡ, ಬದಲಿಸಿ.

ರೇಡಿಯೇಟರಿನ ಫಿನ್‌ಗಳಲ್ಲಿ, ಅಂದರೆ ತೆಳು ತಗಡಿನ ಎಸಳುಗಳಲ್ಲಿ, ಸಿಕ್ಕಿದ ಕೆಂಪು ಧೂಳನ್ನು ಎಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೆಟ್ ಬೇಡ. ಕಡಲ ಉಪ್ಪುಗಾಳಿ ತಿಂದ ಫಿನ್ ಅದಕ್ಕೆ ಕಾಗದದಂತೆ ಮಡಚಿಕೊಳ್ಳುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಬಿರಿದಿದ್ದರೆ ಹೊಸ ಮುಚ್ಚಳ ಹಾಕಿ. 0.9 ಬಾರ್ ಮುಚ್ಚಳ ನೀರಿನ ಕುದಿಯುವ ಬಿಂದುವನ್ನು 120 ಡಿಗ್ರಿಯ ಹತ್ತಿರ ಒಯ್ಯುತ್ತದೆ. ಆದರೆ ಗಾಡಿಗೆ ಕಂಪನಿ ಹೇಳಿದ ಒತ್ತಡದ್ದನ್ನೇ ತನ್ನಿ. ಹಳೇ ಹಿತ್ತಾಳೆ ರೇಡಿಯೇಟರಿಗೆ ಹೆಚ್ಚು ಒತ್ತಡದ ಮುಚ್ಚಳ ಹಾಕಿದರೆ ಬೆಸುಗೆ ಬಿಡುತ್ತದೆ.

"ಥರ್ಮೋಸ್ಟಾಟ್ ಕಿತ್ತು ಬಿಸಾಡಿ, ನಮ್ಮೂರ ಸೆಕೆಗೆ ಅದು ಬೇಡ" ಎನ್ನುವವರ ಮಾತು ಕೇಳಬೇಡಿ. ಅನೇಕ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನೂ ಅದೇ ಮುಚ್ಚುತ್ತದೆ. ಕಿತ್ತರೆ ಬಿಸಿನೀರಿನಲ್ಲಿ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಎಂಜಿನ್ನಿಗೆ ಮರಳುತ್ತದೆ. ತಣ್ಣಗಾಗಬೇಕಾದ ಗಾಡಿ ಇನ್ನಷ್ಟು ಬಿಸಿಯಾಗುತ್ತದೆ.

ಕರೆಂಟ್ ಲೆಕ್ಕ

ಎಲೆಕ್ಟ್ರಿಕ್ ಫ್ಯಾನ್ ಹಾಕಲೇಬೇಕೆಂದಿದ್ದರೆ ಮೊದಲು ಬಾನೆಟ್ ತೆಗೆದು, ಬ್ಯಾಟರಿ ಚಾರ್ಜ್ ಮಾಡಲು ಹಳೇ ಬಗೆಯ ಡೈನಮೊ ಇದೆಯೇ, ಆಲ್ಟರ್ನೇಟರ್ ಇದೆಯೇ ನೋಡಿ. ಡೈನಮೊ ಇದ್ದರೆ ಅಲ್ಲಿಗೇ ನಿಲ್ಲಿಸಿ. ಅದು ಕೊಡುವುದೇ ಸುಮಾರು 20 ಆಂಪಿಯರ್, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಐಡಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ನಿಧಾನಕ್ಕೆ ಓಡುವಾಗ, ಹೆಚ್ಚುಕಡಿಮೆ ಏನೂ ಬರುವುದಿಲ್ಲ, ಫ್ಯಾನ್ ಬೇಕಾಗುವುದೂ ಆಗಲೇ.

ಆಲ್ಟರ್ನೇಟರ್ ಇದ್ದವರು ಮಳೆಗಾಲದ ರಾತ್ರಿಯ ಲೆಕ್ಕ ಹಾಕಿ: ಹೆಡ್‌ಲೈಟ್ 9–10, ವೈಪರ್ 4–5, ಇಗ್ನಿಷನ್ 4–5, ಫ್ಯಾನ್ 12–15 ಆಂಪಿಯರ್. ಒಟ್ಟು 29ರಿಂದ 35. ಆಲ್ಟರ್ನೇಟರಿನ ಮೇಲೆ ಬರೆದ ಆಂಪಿಯರಿನ ಅರ್ಧದಷ್ಟೂ ಐಡಲಿಂಗ್‌ನಲ್ಲಿ ಸಿಗದಿರಬಹುದು. ಹಾಗಾಗಿ 35 ಆಂಪಿಯರಿನದ್ದು ಸಾಲದು, 55–65ರದ್ದು ಹಾಕಿಸಿ. ಅದು ಆಗದಿದ್ದರೆ ಬೆಲ್ಟ್ ಫ್ಯಾನನ್ನೇ ಉಳಿಸಿಕೊಂಡು ಅದಕ್ಕೊಂದು ಒಳ್ಳೆಯ ಶ್ರೌಡ್ (ರೇಡಿಯೇಟರಿಗೂ ಫ್ಯಾನಿಗೂ ನಡುವೆ ಗಾಳಿ ಸೋರದಂತೆ ಕೂರಿಸುವ ತಗಡಿನ ಮುಸುಕು) ಮಾಡಿಸಿ. ಡೈನಮೊ ಗಾಡಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಅಳತೆ ಮತ್ತು ಶ್ರೌಡ್: ಎಡವುವುದು ಇಲ್ಲೇ

ಅಂಗಡಿಗೆ ಹೋಗಿ "ಪದ್ಮಿನಿಗೆ ಒಂದು ಫ್ಯಾನ್ ಕೊಡಿ" ಎಂದರೆ ಸ್ಟಾಕ್‌ನಲ್ಲಿ ಇರುವುದು ಕೈಗೆ ಬರುತ್ತದೆ. ಮಾರುತಿ 800ರ ಫ್ಯಾನನ್ನೇ ಎಲ್ಲಕ್ಕೂ ಕಟ್ಟುವ ರೂಢಿಯೂ ಇದೆ. ಅದು 796 ಸಿಸಿ ಎಂಜಿನ್ನಿಗೆ ಮಾಡಿದ್ದು; 1089 ಸಿಸಿ ಪದ್ಮಿನಿಗೆ ಹೇಗೋ ಸಾಕಾದೀತು, 1489 ಸಿಸಿ ಅಂಬಾಸಿಡರನ್ನು ಘಾಟಿ ಹತ್ತಿಸಲಾರದು.

ಮೂರು ಅಳತೆ ತೆಗೆದುಕೊಳ್ಳಿ: ರೇಡಿಯೇಟರ್ ಕೋರಿನ ಅಗಲ, ಎತ್ತರ, ಮತ್ತು ಕೋರಿನಿಂದ ವಾಟರ್ ಪಂಪ್ ಪುಲ್ಲಿಯ ಮೂಗಿನವರೆಗಿನ ಅಂತರ. ಅಗಲ ಎತ್ತರ ಅಳೆಯುವಾಗ ಟ್ಯಾಂಕ್ ಸೇರಿಸಬೇಡಿ, ಫಿನ್ ಇರುವ ಭಾಗ ಮಾತ್ರ. ಮೂರನೆಯದನ್ನು ಜನ ಮರೆಯುತ್ತಾರೆ, ಮನೆಗೆ ತಂದ ಮೇಲೆ ಫ್ಯಾನಿನ ಮೋಟಾರ್ ಪುಲ್ಲಿಗೆ ತಾಗುತ್ತದೆ. ಮೋಟಾರ್ ಕೂತ ಮೇಲೂ ಕನಿಷ್ಠ 20–25 ಮಿ.ಮೀ. ಬಿಡುವಿರಬೇಕು. ಹಳೇ ಎಂಜಿನ್ ಮೌಂಟಿಂಗ್‌ಗಳು ಸಡಿಲವಾಗಿರುತ್ತವೆ. ಜೋರಾಗಿ ಬ್ರೇಕ್ ಹಾಕಿದಾಗ ಎಂಜಿನ್ ಮುಂದಕ್ಕೆ ಬರುತ್ತದೆ.

ಈಗ ಶ್ರೌಡ್. ಇದರಲ್ಲಿ ಒಂದು ಸರಳ ಗಣಿತವಿದೆ. ಕೋರ್ 40×38 ಸೆಂ.ಮೀ. ಎಂದುಕೊಳ್ಳಿ: 1520 ಚದರ ಸೆಂ.ಮೀ. ಅದರ ಮೇಲೆ 12 ಇಂಚಿನ ಫ್ಯಾನ್ ಆವರಿಸುವುದು ಸುಮಾರು 730. ಶ್ರೌಡ್ ಇಲ್ಲದೆ ಫ್ಯಾನಿನ ರೆಕ್ಕೆಗಳ ಸುತ್ತಲಿನ ಬಳೆಯನ್ನು ಕೋರಿಗೆ ಒತ್ತಿ ಕೂರಿಸಿದರೆ ಅರ್ಧ ರೇಡಿಯೇಟರ್ ಸುಮ್ಮನೆ ಕೂತಿರುತ್ತದೆ, ಮೂಲೆಗಳಲ್ಲಿ ಗಾಳಿಯೇ ಆಡುವುದಿಲ್ಲ. 14 ಇಂಚಿನದ್ದಾದರೂ ಮೂರನೇ ಒಂದು ಭಾಗ ಹೊರಗೇ ಉಳಿಯುತ್ತದೆ. ದೊಡ್ಡ ಫ್ಯಾನ್ ಹುಡುಕುವ ಬದಲು 12 ಇಂಚಿನದಕ್ಕೇ ಇಡೀ ಕೋರ್ ಮುಚ್ಚುವ ಶ್ರೌಡ್ ಮಾಡಿಸಿ, ನಿಂತ ಗಾಡಿಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

1.2 ಮಿ.ಮೀ. ಅಲ್ಯೂಮಿನಿಯಂ ಶೀಟ್ ಸಾಕು. ಕಬ್ಬಿಣದ ತಗಡು ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಉದುರುತ್ತದೆ. ಶ್ರೌಡ್ ಕೋರಿನಿಂದ 40–50 ಮಿ.ಮೀ. ಆಳವಿರಲಿ, ಆಗಲೇ ಮೂಲೆಯ ಗಾಳಿ ನಡುವಿಗೆ ಹರಿದುಬರುತ್ತದೆ. ಅಂಚಿಗೆ ಸುತ್ತಲೂ ರಬ್ಬರ್ ಬೀಡಿಂಗ್ ಹಾಕಿ. ಸಂದಿ ಇದ್ದರೆ ಫ್ಯಾನ್ ಕೋರಿನ ಮೂಲಕ ಎಳೆಯುವ ಬದಲು ಎಂಜಿನ್ ಕಡೆಯ ಬಿಸಿಗಾಳಿಯನ್ನೇ ಎಳೆದು ಸುತ್ತಿಸುತ್ತದೆ. ಬೆಲ್ಟ್ ಫ್ಯಾನಿಗೆ ಶ್ರೌಡ್ ಮಾಡಿಸುವುದಾದರೆ ರೆಕ್ಕೆಯ ಅರ್ಧ ಅಗಲ ಶ್ರೌಡಿನ ಒಳಗೆ, ಅರ್ಧ ಹೊರಗೆ. ರೆಕ್ಕೆಯ ತುದಿಗೂ ಬಳೆಗೂ 15–20 ಮಿ.ಮೀ. ಅಂತರ. ಎಂಜಿನ್ ಅಲುಗುವುದರಿಂದ ಇದಕ್ಕಿಂತ ಬಿಗಿ ಮಾಡಬಾರದು. ಎಲೆಕ್ಟ್ರಿಕ್ ಫ್ಯಾನ್ ಶ್ರೌಡಿಗೇ ಕೂರುವುದರಿಂದ ಅದಕ್ಕೆ 5 ಮಿ.ಮೀ. ಸಾಕು.

ರೇಡಿಯೇಟರಿನ ಹಿಂದೆ ನಿಂತು ಗಾಳಿ ಎಳೆಯುವ ಫ್ಯಾನ್ ಮೇಲು. ಮುಂದೆ ನಿಂತು ತಳ್ಳುವುದು ಹೆದ್ದಾರಿಯಲ್ಲಿ ಬರುವ ಗಾಳಿಗೇ ಅಡ್ಡವಾಗುತ್ತದೆ. ಹಿಂದೆ ಜಾಗವೇ ಇಲ್ಲದಿದ್ದರೆ ಮಾತ್ರ ಅದು. ಎಳೆಯುವ ಫ್ಯಾನಿನ ವೈರ್ ಅದಲುಬದಲು ಮಾಡಿ ತಳ್ಳುವ ಫ್ಯಾನ್ ಮಾಡಿಕೊಡುತ್ತೇನೆ ಎಂದರೆ ಒಪ್ಪಬೇಡಿ. ರೆಕ್ಕೆಯ ಬಾಗು ಹಿಂದುಮುಂದಾಗಿ ಸದ್ದು ಬರುತ್ತದೆ, ಗಾಳಿ ಬರುವುದಿಲ್ಲ.

ಕೋರಿನ ನಡುವೆ ತೂರಿಸಿ ಬಿಗಿಯುವ ಪ್ಲಾಸ್ಟಿಕ್ ಟೈಗಳು ಕಿಟ್ ಜೊತೆಗೇ ಬರುತ್ತವೆ. ಅವನ್ನು ಕಸದ ಬುಟ್ಟಿಗೆ ಹಾಕಿ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಅವು ಫಿನ್ ತಿಂದು ಟ್ಯೂಬಿಗೆ ಇಳಿಯುತ್ತವೆ. ಫ್ಯಾನಿನ ಭಾರ ರೇಡಿಯೇಟರಿನ ಪಕ್ಕದ ಚೌಕಟ್ಟಿನ ಮೇಲೆ, ಬೋಲ್ಟ್ ಹಾಕಿದ ಪಟ್ಟಿಯಲ್ಲಿ ನಿಲ್ಲಬೇಕು. ಮೋಟಾರಿನಲ್ಲಿ ನೀರು ಬಸಿಯುವ ಸಣ್ಣ ತೂತಿದ್ದರೆ ಅದು ಕೆಳಮುಖವಾಗಿರಲಿ. ಮೇಲಾದರೆ ಆಷಾಢದ ಮಳೆ ಮುಗಿಯುವಷ್ಟರಲ್ಲಿ ಬೇರಿಂಗ್ ಕಿರುಚುತ್ತದೆ.

ಡಬ್ಬದ ಮೇಲೆ ಅಚ್ಚಾದ ಗಾಳಿಯ ಅಂಕಿಗಳನ್ನು ನಂಬಿ ಕೊಳ್ಳಬೇಡಿ. ಅಂಗಡಿಯಲ್ಲೇ 12 ವೋಲ್ಟ್ ಬ್ಯಾಟರಿಗೆ ಕೊಟ್ಟು, ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಕ್ಲಾಂಪ್ ಮೀಟರಿನಲ್ಲಿ ನೋಡಿ. 12 ಇಂಚಿನ ಫ್ಯಾನ್ ಬರೀ 4–5 ಆಂಪಿಯರ್ ಎಳೆದರೆ ಅದು ಎಸಿ ಕಂಡೆನ್ಸರಿಗೆ ಸಹಾಯಕವಾಗಬಹುದೇ ಹೊರತು ರೇಡಿಯೇಟರಿಗೆ ಸಾಲದು.

ವೈರಿಂಗ್

ಇಗ್ನಿಷನ್ ಸ್ವಿಚ್ಚಿನಿಂದ ನೇರ ವೈರ್ ಎಳೆಯುವುದು ಅಡ್ಡದಾರಿ, ಸ್ವಿಚ್ ಕರಗುತ್ತದೆ. ಫ್ಯಾನ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಎರಡು ಮೂರು ಪಟ್ಟು ಕರೆಂಟ್ ಬೇಕು. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ 40 ಆಂಪಿಯರ್ ರಿಲೇ ಹಾಕಿ. ಅದರ 30ನೇ ಪಿನ್ನಿಗೆ ಬ್ಯಾಟರಿಯಿಂದ 30 ಆಂಪಿಯರ್ ಫ್ಯೂಸ್ ಮೂಲಕ, 87ರಿಂದ ಫ್ಯಾನಿಗೆ, 86ಕ್ಕೆ ಇಗ್ನಿಷನ್, 85ರಿಂದ ಥರ್ಮೋ ಸ್ವಿಚ್ (ನೀರಿನ ಬಿಸಿಗೆ ತಾನೇ ಆನ್-ಆಫ್ ಆಗುವ ಸ್ವಿಚ್) ಮೂಲಕ ಅರ್ಥ್. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ದಪ್ಪ ವೈರ್ 4 ಚದರ ಮಿ.ಮೀ. ತಾಮ್ರದ್ದು. ಎಳೆಯೊಂದನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಮಲ್ಪೆ, ಪಣಂಬೂರಿನಂಥ ಕಡಲಂಚಿನಲ್ಲಿ ಜಾಯಿಂಟ್ ಹಸಿರುಗಟ್ಟುವುದು ಬೇಗ. ಅರ್ಥ್ ಬೋಲ್ಟನ್ನು ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ.

82 ಡಿಗ್ರಿ ಥರ್ಮೋಸ್ಟಾಟ್ ಇದ್ದರೆ, ಮೇಲಿನ ಹೋಸ್‌ನಲ್ಲಿ ಕೂರುವ ಸ್ವಿಚ್ 92ಕ್ಕೆ ಆನ್, 87ಕ್ಕೆ ಆಫ್ ಆಗುವಂಥದ್ದು ತನ್ನಿ. ಆಫ್ ಆಗುವ ಅಂಕಿ ಥರ್ಮೋಸ್ಟಾಟಿನದಕ್ಕಿಂತ ಕೆಳಗಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ. ಕೆಳಗಿನ ಟ್ಯಾಂಕಿನಲ್ಲಿ ನೀರು ತಣಿದು ಬಂದಿರುವುದರಿಂದ ಅಲ್ಲಿಗೆ 8–10 ಡಿಗ್ರಿ ಕಡಿಮೆಯದು. ಹೋಸ್ ಕತ್ತರಿಸಿ ನಡುವೆ ಕೂರಿಸುವ ಅಲ್ಯೂಮಿನಿಯಂ ತುಂಡಿಗೆ ಒಂಟಿ ಪಿನ್ನಿನ ಸ್ವಿಚ್ ಹಾಕಿದರೆ, ಆ ತುಂಡಿಗೆ ಪ್ರತ್ಯೇಕ ಅರ್ಥ್ ವೈರ್ ಕೊಡಲೇಬೇಕು. ಎರಡೂ ಕಡೆ ರಬ್ಬರ್, ಅರ್ಥ್ ಎಲ್ಲಿಂದ ಬರಬೇಕು? ಫ್ಯಾನ್ ಓಡದೆ ಮೋಟಾರ್ ಕೆಟ್ಟಿದೆ ಎಂದು ವಾಪಸ್ ಬರುವ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು. ಘಾಟಿಗೆಂದು 85ನೇ ಪಿನ್ನಿನಿಂದ ಡ್ಯಾಶ್‌ಬೋರ್ಡಿನ ಒಂದು ಸ್ವಿಚ್ಚಿಗೆ, ಅಲ್ಲಿಂದ ಅರ್ಥ್‌ಗೆ ವೈರ್ ಕೊಟ್ಟುಕೊಳ್ಳಿ. ಏರು ಶುರುವಾಗುವ ಮೊದಲೇ ಕೈಯಿಂದ ಹಾಕಬಹುದು.

ಕೊನೆಗೆ ಪರೀಕ್ಷೆ

ಬಾವಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಡಿಸ್ಟಿಲ್ಡ್ ನೀರಿಗೆ ಕೂಲಂಟ್ ಬೆರೆಸಿ ತುಂಬಿ. ಗಾಡಿ ನಿಲ್ಲಿಸಿಯೇ ಎಂಜಿನ್ ಓಡಿಸಿ. ಫ್ಯಾನ್ ಆನ್ ಆದಾಗ ಗ್ರಿಲ್ ಮುಂದೆ ಒಂದು ಹಾಳೆ ಹಿಡಿಯಿರಿ: ಅದು ಒಳಕ್ಕೆ ಅಂಟಿಕೊಳ್ಳಬೇಕು. ನಾಲ್ಕು ಮೂಲೆಗಳಲ್ಲೂ ಹಿಡಿದು ನೋಡಿ; ಒಂದು ಮೂಲೆಯಲ್ಲಿ ಜಾರಿ ಬಿದ್ದರೆ ಅಲ್ಲಿ ಶ್ರೌಡಿನ ಸಂದಿ ಬಿಟ್ಟಿದೆ. ಫ್ಯಾನ್ ಓಡುತ್ತಿರುವಾಗಲೇ ಅದರ ಕನೆಕ್ಟರಿನಲ್ಲಿ ಮೀಟರ್ ಹಿಡಿದರೆ ಬ್ಯಾಟರಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆ ತೋರಿಸಬಾರದು. ಹೆಚ್ಚಿದ್ದರೆ ವೈರ್ ಸಣ್ಣದು, ಇಲ್ಲವೇ ಅರ್ಥ್ ಸಡಿಲ. ಮೂರು ಸಲ ಆನ್ ಆಗಿ ಮೂರು ಸಲ ತಾನೇ ಆಫ್ ಆದ ಮೇಲೆ ಎಂಜಿನ್ ನಿಲ್ಲಿಸಿ, ಪೂರ್ತಿ ತಣಿಯಲು ಬಿಟ್ಟು, ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಒಳಗಿನ ಗಾಳಿ ಹೊರಟು ಮಟ್ಟ ಇಳಿದಿರುತ್ತದೆ. ತುಂಬಿಸಿ ಮುಚ್ಚಳ ಹಾಕಿ.