ತಾಮ್ರ ನೀರಿಗೆ, ಉಕ್ಕು ಬೂದಿಗೆ, ಗಾಜು ಗೂಡಿನಲ್ಲೇ

ಮೈಸೂರಿನ ನನ್ನ ಶೆಡ್‌ನಲ್ಲಿ ತಾಮ್ರ, ಉಕ್ಕು, ಗಾಜು ಮೂರನ್ನೂ ಅನೀಲಿಂಗ್ ಮಾಡುತ್ತೇನೆ, ಅಂದರೆ ಕಾಯಿಸಿ, ತಕ್ಕಂತೆ ಆರಿಸಿ, ಲೋಹದ ಗಡಸು ಅಥವಾ ಗಾಜಿನೊಳಗಿನ ಎಳೆತ ತೆಗೆಯುತ್ತೇನೆ. ಕಾಯಿಸುವುದು ಬೇಗ ಕೈಗೆ ಹತ್ತುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಆರಿಸುವಾಗ.

ತಾಮ್ರದ ತಗಡು ಬಡಿದಷ್ಟೂ ಗಡುಸಾಗುತ್ತದೆ. ಸುತ್ತಿಗೆಯ ಮಂದ ಸದ್ದು ಹೋಗಿ ‘ಟಣ್’ ಎನ್ನತೊಡಗಿದರೆ ನಿಲ್ಲಿಸಿಬಿಡಿ, ಇಲ್ಲದಿದ್ದರೆ ಅಂಚು ಸೀಳುತ್ತದೆ. ಮಂದ ಕೆಂಪು, ಅಂದರೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಂದೊಡನೆ ನೀರಿಗೆ ಹಾಕುತ್ತೇನೆ. ಅಷ್ಟರಲ್ಲೇ ಒಳಗೆ ಹೊಸ ಹರಳುಗಳು ಕಟ್ಟಿಕೊಂಡಿರುವುದರಿಂದ ತಣ್ಣೀರು ಕುಡಿದರೂ ತಾಮ್ರ ಮೆತ್ತಗೇ ಇರುತ್ತದೆ, ಮೇಲಿನ ಕಪ್ಪೂ ಅರ್ಧ ಉದುರುತ್ತದೆ. ಉಳಿದದ್ದಕ್ಕೆ ಹುಣಸೆಹಣ್ಣು, ಉಪ್ಪು. ಈ ಕೆಲಸ ನೆರಳಲ್ಲೇ ಆಗಬೇಕು. ಬಿಸಿಲಲ್ಲಿ ಮಂದ ಕೆಂಪು ಕಾಣದೆ ತಗಡು ಅತಿಯಾಗಿ ಕಾಯುತ್ತದೆ, ಹರಳು ದೊಡ್ಡದಾಗುತ್ತದೆ, ಆಮೇಲೆ ಬಾಗಿಸಿದರೆ ಮೈಯೆಲ್ಲ ಕಿತ್ತಳೆ ಸಿಪ್ಪೆಯಂತೆ ತರಿತರಿ. ಹಿತ್ತಾಳೆಗೆ ಮಾತ್ರ ಕೆಂಪು ಪೂರ್ತಿ ಆರಿದ ಮೇಲೆಯೇ ನೀರು.

ಇಂಗಾಲ ಹೆಚ್ಚಿರುವ ಉಕ್ಕನ್ನು ಚೆನ್ನಾಗಿ ಕೆಂಪಗೆ ಕಾಯಿಸಿ ಹಾಗೆ ನೀರಿಗೆ ಹಾಕಿದರೆ ಡ್ರಿಲ್ ಬಿಟ್ ಜಾರುವಷ್ಟು ಗಟ್ಟಿ. ಮಚ್ಚು ಮಾಡಲು ಲಾರಿಯ ಹಳೇ ಲೀಫ್ ಸ್ಪ್ರಿಂಗ್ ತಂದರೆ, ಆಯಸ್ಕಾಂತ ಅಂಟದ ಬಿಸಿಯನ್ನು (ಸುಮಾರು 770 ಡಿಗ್ರಿ) ದಾಟಿಸಿ, ಇನ್ನೂ ಸ್ವಲ್ಪ ಕಾಯಿಸಿ, ಒಣ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ತೆಳು ಪಟ್ಟಿ ಬೂದಿಯಲ್ಲೂ ಬೇಗ ಆರುತ್ತದೆ. ಪಕ್ಕಕ್ಕೆ ಕೆಂಪಗೆ ಕಾದ ದಪ್ಪ ಕಬ್ಬಿಣದ ತುಂಡೊಂದನ್ನು ಹೂಳಿ.

ಗಾಜಿನಲ್ಲಿ ಹರಳಿಲ್ಲ. ಹೊರಮೈ ಮೊದಲು ಗಟ್ಟಿಯಾಗಿ, ಒಳಗಿನದು ಆಮೇಲೆ ಕುಗ್ಗಲು ಹೋಗಿ ಉಳಿದ ಎಳೆತವನ್ನು ಇಲ್ಲಿ ತೆಗೆಯುವುದು. ಮಾಮೂಲಿ ಕಿಟಕಿ ಗಾಜು, 6 ಮಿ.ಮೀ. ದಪ್ಪ ಎಂದಿಟ್ಟುಕೊಳ್ಳಿ: 545 ಡಿಗ್ರಿಯಲ್ಲಿ ಒಂದು ಗಂಟೆ, ಅಲ್ಲಿಂದ 480ಕ್ಕೆ ಗಂಟೆಗೆ 60ರಂತೆ, 370ಕ್ಕೆ ಗಂಟೆಗೆ 100ರಂತೆ ಇಳಿಸಿ, ಗೂಡು ಆಫ್ ಮಾಡಿ ಮುಚ್ಚಿಯೇ ಇಡಿ. ದಪ್ಪ ಎರಡು ಪಟ್ಟಾದರೆ ಇಳಿಸುವ ಸಮಯ ನಾಲ್ಕು ಪಟ್ಟು. ಪೇಪರ್‌ವೇಟ್‌ಗಳು ವಾರ ಕಳೆದು ತಾವಾಗಿಯೇ ಸೀಳುವುದು ಈ ಲೆಕ್ಕ ತಪ್ಪಿಯೇ.

ಪರೀಕ್ಷೆಗೆ ಖರ್ಚಿಲ್ಲ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆದು, ಪೋಲರೈಸ್ಡ್ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಿ, ನಡುವೆ ಗಾಜು ಹಿಡಿಯಿರಿ. ಬೆಳಕಿನ ಪಟ್ಟೆ ಕಂಡರೆ ಎಳೆತ ಉಳಿದಿದೆ, ಮತ್ತೆ ಗೂಡಿಗೆ. ಇಳಿಸುವಾಗ ಕರೆಂಟ್ ಹೋದರೆ ಬಾಗಿಲು ತೆರೆದು ನೋಡಬೇಡಿ. ಪೂರ್ತಿ ತಣಿದ ಮೇಲೆ ನಿಧಾನವಾಗಿ ಕಾಯಿಸಿ, 545ರಿಂದ ಮತ್ತೆ ಶುರು.